ಕ್ರಷಿಂಗ್ ನಡುವೆ ಎಚ್‌ಎಂಐ ಪರದೆ ಕಪ್ಪಾಗಿದೆ, ಮಷೀನ್ ಮಾತ್ರ ನಡೀತಿದೆ: ಎಲ್ಲಿಂದ ಹುಡುಕಬೇಕು?

ಮುಧೋಳ_ಫಿಟ್ಟರ್

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಸಕ್ಕರಿ ಕಾರ್ಖಾನಿ, ಕ್ರಷಿಂಗ್ ಜೋರ್ ನಡದೈತಿ. ಬ್ಯಾಚ್ ಸೆಂಟ್ರಿಫ್ಯೂಗಲ್ (ಜೋರ್ ತಿರುಗಿಸಿ ಸಕ್ಕರಿ ಹರಳು ಬ್ಯಾರೆ ಮಾಡೂ) ಮಷೀನಿನ ಎಚ್‌ಎಂಐ (ಮಷೀನ್ ನೋಡಾಕ, ನಡಸಾಕ ಇರೂ ಪರದಿ) ರಾತ್ರಿ ಪಾಳಿಯೊಳಗ ಕಪ್ಪಾಗೈತಿ. 10 ಇಂಚಿನ ಟಚ್ ಸ್ಕ್ರೀನ್, ಹಳೇದು, ಮಷೀನ್ ಜೋಡಿನ ಬಂದದ್ದು. ಮಷೀನ್ ಮಾತ್ರ ನಿಂತಿಲ್ಲ. ಚಾರ್ಜಿಂಗ್ (ತುಂಬೂದು), ಸ್ಪಿನ್ (ತಿರುಗೂದು), ವಾಶ್ (ಹರಳು ತೊಳಿಯೂದು), ಪ್ಲೌ (ಸಕ್ಕರಿ ಕೆರದು ಹೊರಗ ಹಾಕೂದು) ಎಲ್ಲಾ ತನ್ನ ಸೈಕಲ್ ಪ್ರಕಾರ ನಡದಾವು. ಎಚ್‌ಎಂಐ ಮುಂದಿನ ಹಸರ್ ಎಲ್‌ಇಡಿ ಹತ್ತೈತಿ. ಹಿಂದ 24 ವೋಲ್ಟ್ ಟರ್ಮಿನಲ್ ಮ್ಯಾಲೆ ಮೀಟರ್ ಹಿಡದ್ರ 24.1 ತೋರಸ್ತೈತಿ. ಸಪ್ಲೈ ತಗದು ಹಾಕಿದ್ರ ಕಂಪನಿ ಲೋಗೊ ಒಂದೆರಡು ಸೆಕೆಂಡ್ ಬಂದು ಮತ್ತ ಕಪ್ಪ ಆಗ್ತೈತಿ.

ತೊಂದ್ರಿ ಏನಂದ್ರ ವಾಶ್ ಟೈಮ್ ಬದಲಿ ಮಾಡಾಕ ಆಗವಲ್ದು. ಪಾಕ ಕುದಿಸೂ ಪ್ಯಾನ್‌ನಿಂದ ಬರೋ ಮಸ್ಕಿಟ್ (ಹರಳು ಕೂಡಿದ ಗಟ್ಟಿ ಪಾಕ) ಒಂದೊಂದ್ ಸಲ ಒಂದೊಂದ್ ನಮೂನಿ ಇರ್ತೈತಿ, ಅದಕ್ಕ ತಕ್ಕಂಗ ವಾಶ್ ಹೆಚ್ಚು ಕಡಿಮಿ ಮಾಡಲಿಲ್ಲಂದ್ರ ಸಕ್ಕರಿ ಕಲರ್ ಹೋಗ್ತೈತಿ. ಮಷೀನ್ ಸಪ್ಲೈಯರ್ ಕಡಿಯವರು ಆ ಮಾಡೆಲ್ ಬಂದ್ ಆಗೈತಿ, ಹೊಸಾದು ತಗೋರಿ ಅಂತಾರ. ಪರ್ಚೇಸ್‌ನವರು ಕೊಟೇಶನ್ ಕೇಳಾಕತ್ತಾರ. ಹೊಸಾದು ತರೂಕಿಂತ ಮೊದಲ ನಾವು ಏನೇನು ನೋಡಬೇಕು ಹೇಳ್ರಿ.

ಹುಬ್ಬಳ್ಳಿ_ಬೆಂಚ್

ಕೊಟೇಶನ್ ಎರಡು ದಿನ ತಡೀರಿ. ನೀವು ಬರೆದದ್ದನ್ನು ನೋಡಿದರೆ ಎಚ್‌ಎಂಐ ಸತ್ತಿಲ್ಲ ಅನ್ನಿಸುತ್ತದೆ.

ಒಳ್ಳೆ ಟಾರ್ಚ್ ಒಂದು ತಗೊಳ್ಳಿ, ಮೊಬೈಲ್ ಟಾರ್ಚೂ ನಡೆಯುತ್ತದೆ. ಅಲ್ಲಿನ ಟ್ಯೂಬ್‌ಲೈಟ್ ಆರಿಸಿ ಇಲ್ಲವೇ ಪರದೆಗೆ ಬಟ್ಟೆ ಮರೆ ಮಾಡಿ. ಟಾರ್ಚ್ ಅನ್ನು ಗಾಜಿಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ, ನೀವು ಇನ್ನೊಂದು ಕೋನದಿಂದ ನೋಡಿ. ಬಟನ್‌ಗಳ ಗೆರೆ, ಅಂಕಿ ಮಸಕು ಮಸಕಾಗಿ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ ಎಂದು ತಿಳೀರಿ. ಏನೂ ಕಾಣದಿದ್ದರೆ ದಾರಿ ಬೇರೆ.

ಕಪ್ಪು ಪರದೆ ಅಂತ ನನ್ನ ರಿಪೇರಿ ಬೆಂಚಿಗೆ ಬರುವ ಪ್ರತಿ ಎಚ್‌ಎಂಐಗೂ ನಾನು ಮೊದಲು ಮಾಡುವುದು ಇದನ್ನೇ. ಸ್ಕ್ರೂಡ್ರೈವರ್ ಆಮೇಲೆ. ಬೆಳಕು ಹೋಗಿದೆಯೋ, ಸಪ್ಲೈ ಹೋಗಿದೆಯೋ, ಒಳಗಿನ ಕಂಪ್ಯೂಟರ್ ಹೋಗಿದೆಯೋ ಅಂತ ಗೊತ್ತಾಗುವ ಮುಂಚೆ ಹೊಸದನ್ನು ಆರ್ಡರ್ ಮಾಡುವುದು ನನಗೆ ಒಪ್ಪಿಗೆಯಾಗದ ಕೆಲಸ. ಹಣ ಹೋಗುವುದು ಒಂದು ಕಡೆ, ಹೊಸ ಎಚ್‌ಎಂಐ ಬಂದ ಮೇಲೆ ಅದಕ್ಕೆ ಹಾಕಲು ಪ್ರೋಗ್ರಾಂ ಎಲ್ಲಿದೆ ಎಂಬ ಪ್ರಶ್ನೆ ಇನ್ನೊಂದು ಕಡೆ.

ಪೀಣ್ಯ_ವೈರ್‌ಮನ್

ಟಾರ್ಚ್ ಸರಿ. ಆದರೆ 24.1 ಇದೆ ಅಂದಮಾತ್ರಕ್ಕೆ ಸಪ್ಲೈ ಸರಿ ಇದೆ ಅಂತ ಬಿಡಬೇಡಿ. ಮಲ್ಟಿಮೀಟರ್ ತೋರಿಸುವುದು ಸರಾಸರಿ. ಎಸ್‌ಎಂಪಿಎಸ್ (ಎಸಿಯನ್ನು 24 ವೋಲ್ಟ್ ಡಿಸಿ ಮಾಡುವ ಸಪ್ಲೈ) ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿದ್ದರೆ ಡಿಸಿ ಮೇಲೆ ರಿಪಲ್ (ಏರಿಳಿತ) ಕೂತಿರುತ್ತದೆ, ಮೀಟರ್ ಮಾತ್ರ 24 ಎಂದೇ ಹೇಳುತ್ತದೆ. ಎಚ್‌ಎಂಐ ಸ್ಟಾರ್ಟ್ ಆಗುವಾಗ ಜಾಸ್ತಿ ಕರೆಂಟ್ ಎಳೆಯುತ್ತದೆ, ಆ ಗಳಿಗೆಯಲ್ಲಿ ವೋಲ್ಟೇಜ್ ಕುಸಿದು ಮತ್ತೆ ಮೇಲೆ ಬಂದರೆ ಮೀಟರ್‌ನ ಕಣ್ಣಿಗೆ ಬೀಳುವುದೇ ಇಲ್ಲ. ಮೀಟರ್‌ನಲ್ಲಿ ಮಿನ್-ಮ್ಯಾಕ್ಸ್ ಇದ್ದರೆ ಅದನ್ನು ಹಾಕಿ, ಸ್ಕೋಪ್ (ವೋಲ್ಟೇಜ್‌ನ ಗ್ರಾಫ್ ತೋರಿಸುವ ಉಪಕರಣ) ಇದ್ದರೆ ಇನ್ನೂ ಒಳ್ಳೆಯದು.

ವೈರ್ ಕೂಡ ನೋಡಿ. ಬಹಳಷ್ಟು ಎಚ್‌ಎಂಐಗಳಿಗೆ 19.2ರಿಂದ 28.8 ವೋಲ್ಟ್ ಮಿತಿ ಕೊಟ್ಟಿರುತ್ತಾರೆ. 0.5 ಚದರ ಮಿಮೀ ತಾಮ್ರದ ವೈರ್‌ಗೆ ಮೀಟರಿಗೆ ಸುಮಾರು 37 ಮಿಲಿಓಮ್. ಎಸ್‌ಎಂಪಿಎಸ್ 25 ಮೀಟರ್ ದೂರ ಇದ್ದರೆ ಹೋಗಿ ಬಂದು 50 ಮೀಟರ್, ಅಂದರೆ 1.85 ಓಮ್. ದೊಡ್ಡ ಎಚ್‌ಎಂಐ 1.5 ಆಂಪಿಯರ್ ಎಳೆದರೆ ವೈರಿನಲ್ಲೇ 2.8 ವೋಲ್ಟ್ ಹೋಯಿತು. ಎಸ್‌ಎಂಪಿಎಸ್ ಸ್ವಲ್ಪ ಸುಸ್ತಾಗಿದ್ದರೆ ಮುಗೀತು. ಅದಕ್ಕೇ ಎಸ್‌ಎಂಪಿಎಸ್ ಬಾಯಲ್ಲಿ ಅಳೆಯಬಾರದು, ಎಚ್‌ಎಂಐ ಟರ್ಮಿನಲ್‌ನಲ್ಲೇ ಅಳೆಯಬೇಕು, ಲೋಡ್ ಇರುವಾಗಲೇ ಅಳೆಯಬೇಕು. ನೀವು ಅಲ್ಲೇ ಅಳೆದಿದ್ದೀರಿ, ಒಳ್ಳೆಯದಾಯಿತು.

ಮೈಸೂರು_ಆಟೊಮೇಷನ್

ಎಲ್ಲದಕ್ಕೂ ಮೊದಲು ಒಂದು ಮಾತು. ಆಪರೇಟರ್‌ಗಳಿಗೆ ಹೇಳಿ: ಕಪ್ಪು ಪರದೆಯ ಮೇಲೆ ಯಾರೂ ಬೆರಳಿಡಬಾರದು.

ಬ್ಯಾಕ್‌ಲೈಟ್ (ಪರದೆ ಹಿಂದಿನ ಬೆಳಕು) ಮಾತ್ರ ಹೋಗಿದ್ದರೆ ಟಚ್ ಕೆಲಸ ಮಾಡುತ್ತಿರುತ್ತದೆ. "ವಾಶ್ ಬಟನ್ ಎಲ್ಲಿದೆ ಅಂತ ನನಗೆ ಬಾಯಿಪಾಠ" ಅನ್ನುವ ಹಳೆಯ ಆಪರೇಟರ್ ಪ್ರತಿ ಪಾಳಿಯಲ್ಲೂ ಒಬ್ಬರು ಇರುತ್ತಾರೆ. ಅವರು ಒತ್ತಿದ ಜಾಗ ಸರಿಯೇ ಇರಬಹುದು, ಆದರೆ ಆ ಹೊತ್ತಿಗೆ ತೆರೆದಿರುವುದು ಯಾವ ಪುಟ ಅಂತ ಯಾರಿಗೂ ಗೊತ್ತಿಲ್ಲ. ಮ್ಯಾನ್ಯುಯಲ್ ಪುಟ ತೆರೆದಿದ್ದರೆ ಅದೇ ಜಾಗದಲ್ಲಿ ಪ್ಲೌ ಬಟನ್ ಇರಬಹುದು. ಮಸ್ಕಿಟ್ ತುಂಬಿದ ಬಾಸ್ಕೆಟ್ ನಿಮಿಷಕ್ಕೆ 1,000 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಮಷೀನ್ ಅದು. ಇಂಟರ್‌ಲಾಕ್ (ತಪ್ಪು ಹೊತ್ತಿನಲ್ಲಿ ಒತ್ತಿದರೆ ತಡೆಯುವ ಏರ್ಪಾಡು) ಇದೆ ಎಂಬ ಧೈರ್ಯದ ಮೇಲೆ ಕುರುಡಾಗಿ ಒತ್ತುವುದು ಬೇಡ. ಪರದೆಗೆ ರಟ್ಟು ಅಂಟಿಸಿ "ಮುಟ್ಟಬೇಡಿ" ಅಂತ ಬರೆಯಿರಿ. ಎಮರ್ಜೆನ್ಸಿ ಸ್ಟಾಪ್ ಮತ್ತು ಡೆಸ್ಕ್ ಮೇಲಿನ ಪುಶ್‌ಬಟನ್‌ಗಳು ಕೆಲಸ ಮಾಡುತ್ತಿವೆಯೇ ಅಂತ ಬ್ಯಾಚ್‌ಗಳ ನಡುವೆ ನೋಡಿಕೊಳ್ಳಿ.

ಇನ್ನೊಂದು ಪ್ರಶ್ನೆ. ನಿಮ್ಮ ಎಚ್‌ಎಂಐಗೆ ಈಥರ್ನೆಟ್ ಪೋರ್ಟ್ ಇದೆಯೇ? ಇದ್ದರೆ ಲ್ಯಾಪ್‌ಟಾಪ್ ಹಾಕಿ ಪಿಂಗ್ ಮಾಡಿ (ನೆಟ್‌ವರ್ಕ್‌ನಲ್ಲಿ ಕರೆದು ಉತ್ತರ ಬರುತ್ತದೆಯೇ ನೋಡಿ). ಐಪಿ ವಿಳಾಸ ಗೊತ್ತಿಲ್ಲದಿದ್ದರೆ ಪಿಎಲ್‌ಸಿ (ಮಷೀನನ್ನು ನಡೆಸುವ ಕಂಟ್ರೋಲರ್) ಪ್ರೋಗ್ರಾಂನ ಕನೆಕ್ಷನ್ ಪಟ್ಟಿಯಲ್ಲಿ ಸಿಗಬಹುದು. ಪಿಂಗ್‌ಗೆ ಉತ್ತರ ಬಂದರೆ ಒಳಗಿನ ಕಂಪ್ಯೂಟರ್ ಎದ್ದಿದೆ ಅಂತ ಲೆಕ್ಕ.

ಮುಧೋಳ_ಫಿಟ್ಟರ್

ಮೇಡಂ, ರಟ್ಟು ಹಚ್ಚೀವ್ರಿ.

ಟಾರ್ಚ್ ಬಿಟ್ಟು ನೋಡಿದ್ವಿ. ಕಾಣ್ತೈತ್ರಿ! ಓರೆ ಹಿಡದ್ರ ಮೇನ್ ಸ್ಕ್ರೀನ್, ಆರ್‌ಪಿಎಂ ಅಂಕಿ ಬದಲಾಗೂದು ಸುದ್ದಾ ಮಸಕ ಮಸಕ ಕಾಣ್ತೈತಿ. ಆಪರೇಟರ್ ಇನ್ನೊಂದು ಹೇಳಿದ, ಹ್ವಾದ ತಿಂಗಳಿಂದ ಮುಂಜಾನಿ ಸಪ್ಲೈ ಹಾಕಿದಾಗ ಪರದಿ ಸ್ವಲ್ಪ ಹೊತ್ತು ಕೆಂಪಗ ಇರ್ತಿತ್ತಂತ, ಆಮ್ಯಾಲೆ ಬೆಳ್ಳಗ ಆಗ್ತಿತ್ತಂತ. ಪಿಂಗ್‌ಗೂ ಉತ್ತರ ಬಂತು. ಈಗ ಮುಂದ?

ಹುಬ್ಬಳ್ಳಿ_ಬೆಂಚ್

ಆ ಕೆಂಪು ಬಣ್ಣದ ಮಾತೇ ಸಾಕು. ನಿಮ್ಮದು ಸಿಸಿಎಫ್‌ಎಲ್ ಬ್ಯಾಕ್‌ಲೈಟ್. ಪೆನ್ಸಿಲ್‌ಗಿಂತ ತೆಳ್ಳಗಿನ ಗಾಜಿನ ಕೊಳವೆ, ಒಳಗೆ ಸ್ವಲ್ಪ ಪಾದರಸ. ಎಲ್‌ಇಡಿ ಬರುವ ಮುಂಚಿನ ಎಚ್‌ಎಂಐಗಳಲ್ಲಿ ಇದೇ ಇರುತ್ತಿತ್ತು. ಲ್ಯಾಂಪ್ ಮುದಿಯಾದಾಗ ಮೊದಲು ಗುಲಾಬಿ, ಕೆಂಪು ಛಾಯೆ ಬರುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ. ಆಮೇಲೆ ಒಂದು ದಿನ ಹತ್ತುವುದೇ ಇಲ್ಲ.

ಲೋಗೊ ಎರಡು ಸೆಕೆಂಡ್ ಕಂಡು ಮಾಯವಾಗುವುದಕ್ಕೂ ಕಾರಣ ಇಲ್ಲೇ ಇದೆ. ಲ್ಯಾಂಪಿಗೆ ಹೈವೋಲ್ಟೇಜ್ ಕೊಡುವುದಕ್ಕೆ ಇನ್ವರ್ಟರ್ ಎಂಬ ಸಣ್ಣ ಬೋರ್ಡ್ ಇರುತ್ತದೆ. ಹತ್ತಿಸುವ ಗಳಿಗೆಯಲ್ಲಿ ಅದು 1,000 ವೋಲ್ಟ್‌ಗೂ ಹೆಚ್ಚು ಕೊಡುತ್ತದೆ, ಹತ್ತಿದ ಮೇಲೆ ಕೆಲವು ನೂರು ವೋಲ್ಟ್‌ಗೆ ಇಳಿಯುತ್ತದೆ. ಲ್ಯಾಂಪ್ ಸರಿಯಾಗಿ ಕರೆಂಟ್ ತೆಗೆದುಕೊಳ್ಳದಿದ್ದರೆ ಆ ಬೋರ್ಡ್ ತನ್ನನ್ನು ತಾನು ಕಾಪಾಡಿಕೊಳ್ಳಲು ಔಟ್‌ಪುಟ್ ಬಂದ್ ಮಾಡುತ್ತದೆ. ಸಪ್ಲೈ ತೆಗೆದು ಹಾಕಿದರೆ ಮತ್ತೆ ಒಂದು ಪ್ರಯತ್ನ, ಮತ್ತೆ ಬಂದ್. ನೀವು ನೋಡುತ್ತಿರುವುದು ಅದನ್ನೇ. ಕೆಟ್ಟಿರುವುದು ಲ್ಯಾಂಪೋ ಇನ್ವರ್ಟರ್ರೋ ಎಂಬುದು ಬಿಚ್ಚಿದ ಮೇಲೆ ಗೊತ್ತಾಗುತ್ತದೆ, ಆದರೆ ಕೆಂಪು ಛಾಯೆ ಇತ್ತು ಅಂದರೆ ಲ್ಯಾಂಪ್ ಕಡೆಗೇ ನನ್ನ ಅನುಮಾನ.

ಆಯಸ್ಸಿನ ಲೆಕ್ಕ ಹೇಳುತ್ತೇನೆ, ನಿಮ್ಮ ಮ್ಯಾನೇಜರ್‌ಗೂ ತೋರಿಸಿ. ಇಂಥ ಲ್ಯಾಂಪ್‌ಗಳಿಗೆ ಸಾಮಾನ್ಯವಾಗಿ 50,000 ಗಂಟೆ ಅಂತ ಹಾಕಿರುತ್ತಾರೆ. ಅದು ಬೆಳಕು ಅರ್ಧಕ್ಕೆ ಇಳಿಯುವ ಹೊತ್ತು. ಹಗಲು ರಾತ್ರಿ ವರ್ಷಪೂರ್ತಿ ಹತ್ತಿದರೆ ಅದು ಸುಮಾರು 5.7 ವರ್ಷ. ಹಂಗಾಮು 150 ದಿನ ಅಂತ ಹಿಡಿದು, ಉಳಿದ ಕಾಲ ಆರಿಸಿಟ್ಟರೆ ವರ್ಷಕ್ಕೆ 3,600 ಗಂಟೆ, ಹತ್ತಿರ ಹತ್ತಿರ 14 ವರ್ಷ ಬರುತ್ತದೆ. ಆಫ್ ಸೀಸನ್‌ನಲ್ಲಿ ಎಚ್‌ಎಂಐ ಸುಮ್ಮನೆ ಹತ್ತಿರುತ್ತದೆಯೇ ನೋಡಿ.

ಡಿಪ್ಲೊಮಾ_ಮೂರನೇವರ್ಷ

ಸರ್, ಬೆಳಕೇ ಇಲ್ಲದ ಮೇಲೆ ಟಾರ್ಚ್‌ಗೆ ಚಿತ್ರ ಹೇಗೆ ಕಾಣುತ್ತದೆ? ಹಾಗೆಯೇ, ಪಿಎಲ್‌ಸಿ ಜೊತೆ ಕಮ್ಯುನಿಕೇಶನ್ ಕಟ್ ಆದರೂ ಪರದೆ ಕಪ್ಪಾಗುತ್ತದಾ?

ಮೈಸೂರು_ಆಟೊಮೇಷನ್

ಎಲ್‌ಸಿಡಿ ತಾನಾಗಿ ಬೆಳಕು ಕೊಡುವುದಿಲ್ಲಪ್ಪ. ಹಿಂದಿನಿಂದ ಬರುವ ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂದು ನಿರ್ಧರಿಸುವುದಷ್ಟೇ ಅದರ ಕೆಲಸ. ಲ್ಯಾಂಪ್ ಆರಿದರೂ ಆ ಬಿಡುವ ತಡೆಯುವ ಕೆಲಸ ನಡೆಯುತ್ತಲೇ ಇರುತ್ತದೆ. ಟಾರ್ಚ್ ಬೆಳಕು ಮುಂದಿನಿಂದ ಒಳಹೋಗಿ ಹಿಂದಿನ ಬಿಳಿ ಹಾಳೆಗೆ ಬಡಿದು ವಾಪಸ್ ಬರುವಾಗ ಚಿತ್ರ ಸ್ವಲ್ಪ ಕಾಣುತ್ತದೆ.

ಕಮ್ಯುನಿಕೇಶನ್ ಕಟ್ ಆದರೆ ಪರದೆ ಕಪ್ಪಾಗುವುದಿಲ್ಲ. ಪುಟ, ಬಟನ್, ಬಣ್ಣ ಎಲ್ಲ ಇರುತ್ತವೆ, ಅಂಕಿ ಬರಬೇಕಾದ ಜಾಗದಲ್ಲಿ ಹ್ಯಾಶ್ ಇಲ್ಲವೇ ನಕ್ಷತ್ರದ ಗುರುತು ಬರುತ್ತದೆ, ಮೇಲೊಂದು ಅಲಾರಂ ಬರುತ್ತದೆ. ಕಪ್ಪು ಪರದೆ ನೋಡಿ ಪಿಎಲ್‌ಸಿ ಕೇಬಲ್ ಕಿತ್ತು ಹಾಕುವವರು ಇದ್ದಾರೆ. ಓಡುತ್ತಿರುವ ಮಷೀನಿನ ಕೇಬಲ್ ಹಾಗೆ ಕೀಳಬಾರದು.

ಮುಧೋಳದವರೇ, ಪಿಂಗ್ ಬಂದಿದೆ ಅಂದಿರಲ್ಲ, ಈಗ ವಿಎನ್‌ಸಿ (ಒಂದರ ಪರದೆಯನ್ನು ನೆಟ್‌ವರ್ಕ್ ಮೂಲಕ ಇನ್ನೊಂದರಲ್ಲಿ ತೋರಿಸಿ ನಡೆಸುವ ಸಾಫ್ಟ್‌ವೇರ್) ಪ್ರಯತ್ನಿಸಿ. ಈಥರ್ನೆಟ್ ಇರುವ ಎಷ್ಟೋ ಎಚ್‌ಎಂಐಗಳಲ್ಲಿ ವಿಎನ್‌ಸಿ ಸರ್ವರ್ ಇರುತ್ತದೆ. ಸೀಮೆನ್ಸ್ ಕಂಪನಿಯ ಎಚ್‌ಎಂಐಗಳಲ್ಲಿ ಅದಕ್ಕೆ ಸ್ಮಾರ್ಟ್‌ಸರ್ವರ್ ಅಂತ ಹೆಸರು. ಪ್ರೋಗ್ರಾಂ ಮಾಡಿದವರು ಅದನ್ನು ಆನ್ ಮಾಡಿಟ್ಟಿದ್ದರೆ ಲ್ಯಾಪ್‌ಟಾಪ್‌ನಲ್ಲೇ ಪೂರ್ತಿ ಪರದೆ ಬರುತ್ತದೆ. ಪಾಸ್‌ವರ್ಡ್ ಮಷೀನ್ ಸಪ್ಲೈಯರ್ ಬಳಿ ಇರುತ್ತದೆ, ಫೋನ್ ಮಾಡಿ ಕೇಳಿ. ಮೊದಲು ವ್ಯೂ ಓನ್ಲಿ (ನೋಡಲು ಮಾತ್ರ) ಹಾಕಿ ತೆರೆಯಿರಿ, ಯಾವ ಪುಟ ತೆರೆದಿದೆ ನೋಡಿಕೊಂಡು ಆಮೇಲೆ ಕಂಟ್ರೋಲ್ ತಗೊಳ್ಳಿ. ಅಲ್ಲಿ ಮೌಸ್ ಕ್ಲಿಕ್ ಮಾಡುವುದೂ ಇಲ್ಲಿ ಬೆರಳಿಡುವುದೂ ಒಂದೇ, ಅದು ನೆನಪಿರಲಿ. ಲ್ಯಾಪ್‌ಟಾಪ್ ಹಿಡಿದವರು ಮಷೀನ್ ಕಾಣುವ ಜಾಗದಲ್ಲೇ ನಿಂತಿರಬೇಕು.

ತೋರಣಗಲ್ಲು_ಎಲೆಕ್ಟ್ರಿಕಲ್

ಇಲ್ಲಿ ಲ್ಯಾಂಪ್ ಅಂತ ತೀರ್ಮಾನ ಆಯಿತು. ಆದರೆ ಕಪ್ಪು ಪರದೆ ಅಂತ ಹುಡುಕಿಕೊಂಡು ಬಂದು ಇದನ್ನು ಓದುವ ಬೇರೆಯವರಿಗಾಗಿ ನಮ್ಮ ಕಡೆಯದನ್ನೂ ಬರೆಯುತ್ತೇನೆ.

ನಮ್ಮಲ್ಲಿ ಬಿಸಿಯೇ ಕಾರಣ. ಎಚ್‌ಎಂಐಗಳಿಗೆ ಸುತ್ತಲಿನ ಉಷ್ಣತೆಯ ಮಿತಿ ಸಾಮಾನ್ಯವಾಗಿ 50 ಡಿಗ್ರಿ, ಅದೂ ನೆಟ್ಟಗೆ ನಿಲ್ಲಿಸಿದ್ದರೆ. ಬಳ್ಳಾರಿ ಸೀಮೆಯ ಏಪ್ರಿಲ್‌ನಲ್ಲಿ ಬಿಸಿಲಿಗೆ ಮುಖ ಮಾಡಿದ ಪ್ಯಾನಲ್ ಬಾಗಿಲು, ಪಕ್ಕದಲ್ಲಿ ಫರ್ನೇಸ್ ಅಂದರೆ ಕೇಳಬೇಕೇ. ಮಿತಿ ಮೀರಿ ಕಾದಾಗ ಎಲ್‌ಸಿಡಿಯ ಒಳಗಿನ ದ್ರವ ತನ್ನ ಗುಣ ಕಳೆದುಕೊಳ್ಳುತ್ತದೆ. ಪರದೆ ಒಂದು ಮೂಲೆಯಿಂದ ಕಪ್ಪಾಗುತ್ತಾ ಬಂದು ಪೂರ್ತಿ ಮುಚ್ಚುತ್ತದೆ. ಸಂಜೆ ತಣ್ಣಗಾದ ಮೇಲೆ ತಾನಾಗಿ ಸರಿಹೋಗುತ್ತದೆ. ಮಧ್ಯಾಹ್ನ ಕಪ್ಪು, ರಾತ್ರಿ ಸರಿ ಎಂದು ಯಾರಾದರೂ ಹೇಳಿದರೆ ಬೋರ್ಡ್ ಬಿಚ್ಚಬೇಡಿ. ಬಾಗಿಲಿಗೆ ನೆರಳು ಮಾಡಿ, ಪ್ಯಾನಲ್ ಫ್ಯಾನ್ ಫಿಲ್ಟರ್ ತೆಗೆದು ನೋಡಿ. ಫಿಲ್ಟರ್ ಅದಿರಿನ ಧೂಳಿನಿಂದ ರೊಟ್ಟಿಯಂತೆ ಗಟ್ಟಿಯಾಗಿರುತ್ತದೆ.

ಬಿಸಿ ಎಸ್‌ಎಂಪಿಎಸ್‌ನನ್ನೂ ತಿನ್ನುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗೆ ಪ್ರತಿ 10 ಡಿಗ್ರಿ ಹೆಚ್ಚಾದಾಗ ಆಯಸ್ಸು ಅರ್ಧ ಎಂಬ ಲೆಕ್ಕ ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ಪೀಣ್ಯದವರು ಹೇಳಿದ ಮಾತಿಗೆ ಇದೂ ಸೇರಲಿ.

ಪೀಣ್ಯ_ವೈರ್‌ಮನ್

ಸೇರಲೇಬೇಕು. ದೊಡ್ಡ ಮೋಟಾರ್ ಸ್ಟಾರ್ಟ್ ಆದಾಗ ಪರದೆ ಮಿಟುಕಿ ಎಚ್‌ಎಂಐ ಮೊದಲಿಂದ ಬೂಟ್ ಆಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಒಳ್ಳೆ ಎಸ್‌ಎಂಪಿಎಸ್ 85ರಿಂದ 264 ವೋಲ್ಟ್ ಎಸಿ ತನಕ ತಡೆದುಕೊಳ್ಳುತ್ತದೆ, ಲೈನ್ ಪೂರ್ತಿ ಹೋದರೂ 20 ಮಿಲಿಸೆಕೆಂಡ್ ಹತ್ತಿರ ಔಟ್‌ಪುಟ್ ಹಿಡಿದಿರುತ್ತದೆ. ಇನ್‌ಪುಟ್ ಕಡೆಯ ದೊಡ್ಡ ಕೆಪಾಸಿಟರ್ ಸೊರಗಿದ ಮೇಲೆ ಆ ತಾಕತ್ತು ಇರುವುದಿಲ್ಲ. ಸಣ್ಣ ಡಿಪ್ ಬಂದರೂ 24 ವೋಲ್ಟ್ ಬಿದ್ದುಹೋಗುತ್ತದೆ.

ಇದನ್ನು ಪತ್ತೆ ಹಚ್ಚಲು ನಾನು ನಂಬಿದ ವಿಧಾನ ಒಂದಿದೆ. ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಎರಡನ್ನು ಸೀರೀಸ್‌ನಲ್ಲಿ ಹಾಕಿ, ಮಧ್ಯೆ ಫ್ಯೂಸ್ ಇಟ್ಟು, ಎಸ್‌ಎಂಪಿಎಸ್ ವೈರ್ ಬಿಡಿಸಿ, ಎಚ್‌ಎಂಐಗೆ ಬ್ಯಾಟರಿಯಿಂದಲೇ ಕೊಡಿ. ಚಾರ್ಜ್ ಆಗಿ ತಣ್ಣಗೆ ಕೂತ ಬ್ಯಾಟರಿ ಎರಡು ಸೇರಿ 25.4 ವೋಲ್ಟ್ ಹತ್ತಿರ ಇರುತ್ತವೆ, ಮಿತಿಯ ಒಳಗೇ. ಚಾರ್ಜರ್ ಹಚ್ಚಿರುವಾಗ ಮಾತ್ರ ಜೋಡಿಸಬೇಡಿ, ಆಗ 28.8ಕ್ಕೆ ಮುಟ್ಟುತ್ತದೆ. ಪ್ಲಸ್ ಮೈನಸ್ ಎರಡು ಸಲ ನೋಡಿ. ಬ್ಯಾಟರಿ ಮೇಲೆ ಒಂದು ಪಾಳಿ ಮಿಟುಕದೆ ನಡೆದರೆ ಎಚ್‌ಎಂಐ ನಿರಪರಾಧಿ, ತಪ್ಪು ಸಪ್ಲೈದು. ಅದೇ 24 ವೋಲ್ಟ್‌ನಲ್ಲಿ ಸೊಲೆನಾಯ್ಡ್ (ಕರೆಂಟ್ ಕಾಯಿಲ್‌ನಿಂದ ತೆರೆದು ಮುಚ್ಚುವ) ವಾಲ್ವ್‌ಗಳೂ ಇದ್ದರೆ ಎಚ್‌ಎಂಐ ಮತ್ತು ಪಿಎಲ್‌ಸಿಗೆ ಬೇರೆ ಎಸ್‌ಎಂಪಿಎಸ್ ಹಾಕಿ, ಕಾಯಿಲ್‌ಗಳಿಗೆ ಡಯೋಡ್ ಹಾಕಿ.

ಬೈಕಂಪಾಡಿ_ಮೆಂಟೆನೆನ್ಸ್

ನಮ್ಮ ಕರಾವಳಿಯಲ್ಲಿ ಕಪ್ಪಿಗಿಂತ ಬಿಳಿ ಪರದೆ ಜಾಸ್ತಿ ಮಾರಾಯ್ರೆ. ಬೆಳಕು ಪೂರ್ತಿ ಉಂಟು, ಚಿತ್ರ ಇಲ್ಲ. ಇದು ಮುಧೋಳದವರದ್ದಕ್ಕೆ ಸರೀ ಉಲ್ಟಾ. ಬ್ಯಾಕ್‌ಲೈಟ್ ಸರಿ ಉಂಟು, ಮೇನ್‌ಬೋರ್ಡಿನಿಂದ ಎಲ್‌ಸಿಡಿಗೆ ಹೋಗುವ ಸಿಗ್ನಲ್ ಇಲ್ಲ. ಹೆಚ್ಚಾಗಿ ಆ ಚಪ್ಪಟೆ ರಿಬ್ಬನ್ ಕೇಬಲ್ ಕನೆಕ್ಟರ್‌ನಲ್ಲಿ ಸಡಿಲ ಆಗಿರುತ್ತದೆ, ಇಲ್ಲ ಪಿನ್ನಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಸಪ್ಲೈ ತೆಗೆದು, ಮೈಯ ಸ್ಟ್ಯಾಟಿಕ್ ಇಳಿಸಿಕೊಂಡು, ಲಾಕ್ ಎತ್ತಿ ಕೇಬಲ್ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ನೇರವಾಗಿ ಕೂರಿಸಿ ಲಾಕ್ ಹಾಕಬೇಕು. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಮಳೆಗಾಲದಲ್ಲಿ ಆದಿತ್ಯವಾರ ಪ್ಯಾನಲ್ ಎಸಿ ಬಂದ್ ಮಾಡಿ ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಒಳಗೆಲ್ಲ ಬೆವರು. ಹಾಗೆಯೇ ಸಪ್ಲೈ ಕೊಡಬಾರದು, ಒಣಗಲು ಬಿಡಬೇಕು. ಮುಂದಿನ ಫೇಸ್‌ಗೆ ಐಪಿ 65 (ಧೂಳು, ನೀರು ತಡೆಯುವ ದರ್ಜೆ) ಅಂತ ಬರೆದಿರುತ್ತಾರಲ್ಲ, ಅದು ಮುಂದಿನ ಫೇಸ್‌ಗೆ ಮಾತ್ರ, ಅದೂ ಗ್ಯಾಸ್ಕೆಟ್ ಸರಿಯಾಗಿ ಕೂತು ಕ್ಲಾಂಪ್‌ಗಳು ಸಮನಾಗಿ ಬಿಗಿದಿದ್ದರೆ. ಹಿಂಭಾಗಕ್ಕೆ ಆ ರಕ್ಷಣೆ ಇಲ್ಲ. ಮೀನಿನ ಯುನಿಟ್‌ಗಳಲ್ಲಿ ಪೈಪ್ ಹಿಡಿದು ತೊಳೆಯುವವರು ಪ್ಯಾನಲ್ ಬಾಗಿಲು ತೆರೆದಿಟ್ಟೇ ತೊಳೆಯುವುದು ನೋಡಿದರೆ ಸಂಕಟ ಆಗುತ್ತದೆ.

ಹಲ್ಲಿಗಳ ಬಗ್ಗೆಯೂ ಹೇಳಬೇಕು. ಕೇಬಲ್ ಗ್ಲ್ಯಾಂಡ್ ಇಲ್ಲದ ತೂತು ಇದ್ದರೆ ಬೆಚ್ಚಗಿನ ಎಚ್‌ಎಂಐ ಹಿಂದೆಯೇ ಅವು ಬಂದು ಕೂರುವುದು. ತೂತು ಮುಚ್ಚಿ.

ಮುಧೋಳ_ಫಿಟ್ಟರ್

ವಿಎನ್‌ಸಿ ಬಂತ್ರಿ ಮೇಡಂ! ಸಪ್ಲೈಯರ್ ಕಡೀಂದ ಪಾಸ್‌ವರ್ಡ್ ಸಿಕ್ತು. ಲ್ಯಾಪ್‌ಟಾಪ್‌ನ್ಯಾಗ ಪೂರಾ ಪರದಿ ಕಾಣ್ತೈತಿ. ಶಿಫ್ಟ್ ಇನ್‌ಚಾರ್ಜ್ ಎದುರಿಗೇ ವಾಶ್ ಟೈಮ್ ಬದಲಿ ಮಾಡಿದ್ವಿ, ಮುಂದಿನ ಬ್ಯಾಚಿಗೇ ಸಕ್ಕರಿ ಕಲರ್ ಸುಧಾರಿಸ್ತು. ಆಪರೇಟರ್‌ಗ ಜೀವಾ ಬಂದಂಗಾತು.

ಈಗ ಲ್ಯಾಂಪ್ ವಿಷಯ. ಸಪ್ಲೈಯರ್ ಲ್ಯಾಂಪ್ ಬ್ಯಾರೆ ಸಿಗಂಗಿಲ್ಲ ಅಂತಾರ. ಆನ್‌ಲೈನ್‌ನ್ಯಾಗ ಎಲ್‌ಇಡಿ ಕಿಟ್ ಅಂತ ಅದಾವು, ಅವನ್ನ ಹಾಕಬಹುದೇನ್ರಿ? ನಾವ ಬಿಚ್ಚಬಹುದೋ, ಬೆಂಚಿಗೆ ಕಳಸಬೇಕೋ?

ಹುಬ್ಬಳ್ಳಿ_ಬೆಂಚ್

ಹಾಕಬಹುದು, ಆದರೆ ಕಣ್ಣಳತೆ ನಡೆಯುವುದಿಲ್ಲ.

ಬಿಚ್ಚಿದ ಮೇಲೆ ಎಲ್‌ಸಿಡಿಯ ಹಿಂದೆ ಸ್ಟಿಕ್ಕರ್ ಇರುತ್ತದೆ, ಅದರ ಪಾರ್ಟ್ ನಂಬರ್ ಫೋಟೊ ತೆಗೆಯಿರಿ. ಎಚ್‌ಎಂಐ ಯಾವ ಕಂಪನಿಯದೇ ಇರಲಿ, ಒಳಗಿನ ಎಲ್‌ಸಿಡಿ ಮಾಡುವವರು ಸಾಮಾನ್ಯವಾಗಿ ಬೇರೆಯವರು. ಆ ನಂಬರ್ ಹಿಡಿದು ಹುಡುಕಿದರೆ ಲ್ಯಾಂಪ್ ಅಸೆಂಬ್ಲಿಯೇ ಸಿಗುವ ಸಾಧ್ಯತೆ ಇದೆ. ಎಚ್‌ಎಂಐ ಮಾಡೆಲ್ ನಂಬರ್ ಹೇಳಿ ಕೇಳಿದರೆ ಎಲ್ಲರೂ ಬಂದ್ ಆಗಿದೆ ಎಂದೇ ಅನ್ನುತ್ತಾರೆ.

ಇಂಡಸ್ಟ್ರಿಯಲ್ ಎಲ್‌ಸಿಡಿಗಳಲ್ಲಿ ಎರಡು ಬಗೆ. ಕೆಲವದರಲ್ಲಿ ಪಕ್ಕದ ಸಣ್ಣ ಸ್ಕ್ರೂ ತೆಗೆದರೆ ಲ್ಯಾಂಪ್ ತನ್ನ ಲೋಹದ ಕವಚದ ಜೊತೆ ಜಾರಿ ಹೊರಗೆ ಬರುತ್ತದೆ. ಅಂಥದ್ದಾದರೆ ನೀವೇ ಮಾಡಬಹುದು. ಇನ್ನು ಕೆಲವದರಲ್ಲಿ ಎಲ್‌ಸಿಡಿಯ ಪದರ ಪದರ ಬಿಚ್ಚಬೇಕು. ಡಿಫ್ಯೂಸರ್ (ಬೆಳಕು ಹರಡುವ) ಹಾಳೆಗಳ ನಡುವೆ ಒಂದು ಕೂದಲು ಸೇರಿದರೂ ಆಮೇಲೆ ದಿನಾ ಕಾಣುತ್ತದೆ. ಬಗ್ಯಾಸ್ (ಕಬ್ಬಿನ ಸಿಪ್ಪೆ) ಧೂಳು ಹಾರುವ ಜಾಗದಲ್ಲಿ ಅದನ್ನು ಬಿಚ್ಚುವುದು ಬೇಡ, ಬೆಂಚಿಗೇ ಕಳಿಸಿ.

ಲ್ಯಾಂಪಿನ ತುದಿಗಳನ್ನು ನೋಡಿ. ಸುಟ್ಟ ಹಾಗೆ ಕಪ್ಪು, ಕಂದು ಆಗಿದ್ದರೆ ಲ್ಯಾಂಪ್ ಮುಗಿದಿದೆ. ಲ್ಯಾಂಪ್ ಚೊಕ್ಕವಾಗಿದ್ದರೆ ಇನ್ವರ್ಟರ್ ಕಡೆ ಬನ್ನಿ. ಅದರ ಇನ್‌ಪುಟ್ ಕನೆಕ್ಟರ್‌ನಲ್ಲಿ ಸಪ್ಲೈ, ಗ್ರೌಂಡ್, ಎನೇಬಲ್ (ಹತ್ತಿಸು ಎಂಬ ಸೂಚನೆ), ಡಿಮ್ಮಿಂಗ್ (ಬೆಳಕು ಹೆಚ್ಚು ಕಡಿಮೆ ಮಾಡುವುದು) ಎಂಬ ನಾಲ್ಕು ಕೆಲಸದ ವೈರ್‌ಗಳು ಇರುತ್ತವೆ. ಸಪ್ಲೈ 12 ಅಥವಾ 5 ವೋಲ್ಟ್ ಇರಬಹುದು, ಎನೇಬಲ್ 3.3 ಅಥವಾ 5. ಸಪ್ಲೈ ಬಂದು ಎನೇಬಲ್ ಬರದಿದ್ದರೆ ತಪ್ಪು ಮೇನ್‌ಬೋರ್ಡಿನದು ಅಥವಾ ಪ್ರೋಗ್ರಾಂನದು. ಎರಡೂ ಬಂದು ಲ್ಯಾಂಪ್ ಹತ್ತದಿದ್ದರೆ ಇನ್ವರ್ಟರ್ ಮೇಲಿನ ಸಣ್ಣ ಫ್ಯೂಸ್ ನೋಡಿ. ಇನ್ವರ್ಟರ್‌ನ ಔಟ್‌ಪುಟ್‌ಗೆ ಮಾಮೂಲಿ ಮಲ್ಟಿಮೀಟರ್ ಹಚ್ಚಬೇಡಿ. ಅಲ್ಲಿರುವುದು ಸಾವಿರ ವೋಲ್ಟ್, ಅದೂ ಹತ್ತಾರು ಕಿಲೊಹರ್ಟ್ಸ್. ಮೀಟರ್ ಸುಡುತ್ತದೆ, ಕೈಗೂ ಅಪಾಯ.

ಎಲ್‌ಇಡಿ ಕಿಟ್ ಹಾಕುವುದಾದರೆ ಪಟ್ಟಿಯ ಅಗಲ ಮತ್ತು ಉದ್ದ ಲ್ಯಾಂಪಿನ ಕವಚಕ್ಕೆ ಹೊಂದಬೇಕು. ಕಿಟ್‌ನ ಡ್ರೈವರ್ ಆ ಇನ್ವರ್ಟರ್ ಇನ್‌ಪುಟ್‌ನ ವೋಲ್ಟೇಜ್‌ಗೇ ನಡೆಯುವಂಥದ್ದಿರಬೇಕು. ಎನೇಬಲ್ ವೈರ್ ಜೋಡಿಸುವುದನ್ನು ಬಿಟ್ಟು ಪರ್ಮನೆಂಟ್ ಆನ್ ಮಾಡುವವರು ಇದ್ದಾರೆ. ಹಾಗೆ ಮಾಡಿದರೆ ಸ್ಕ್ರೀನ್‌ಸೇವರ್ ಬಂದಾಗಲೂ ಬೆಳಕು ಆರುವುದಿಲ್ಲ. ಹಳೆ ಇನ್ವರ್ಟರ್ ಕಳಚಿ ಇಡಿ, ಲೋಡ್ ಇಲ್ಲದೆ ಅದನ್ನು ಚಾಲೂ ಇಡುವ ಅಗತ್ಯವಿಲ್ಲ. ತೆಗೆದ ಲ್ಯಾಂಪ್‌ನಲ್ಲಿ ಪಾದರಸ ಇದೆ, ಒಡೆಯದ ಹಾಗೆ ರಟ್ಟಿನಲ್ಲಿ ಸುತ್ತಿ ನಿಮ್ಮ ಕಾರ್ಖಾನೆಯ ಇ-ವೇಸ್ಟ್ ತಗೊಂಡು ಹೋಗುವವರಿಗೇ ಕೊಡಿ. 2023ರ ಏಪ್ರಿಲ್ 1ರಿಂದ ಹೊಸ ಇ-ವೇಸ್ಟ್ ನಿಯಮಗಳು ಜಾರಿಯಲ್ಲಿವೆ, ನಿಮ್ಮ ಪರಿಸರ ವಿಭಾಗದವರಿಗೆ ಗೊತ್ತಿರುತ್ತದೆ.

ಮೈಸೂರು_ಆಟೊಮೇಷನ್

ಎಚ್‌ಎಂಐ ಇಳಿಸುವ ಮುಂಚೆ ಬ್ಯಾಕಪ್! ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಈಗ ಒಳಗಿನ ಕಂಪ್ಯೂಟರ್ ಆರೋಗ್ಯವಾಗಿದೆ, ನೆಟ್‌ವರ್ಕ್‌ನಲ್ಲಿ ಸಿಗುತ್ತಿದೆ. ಇಂಥ ಅವಕಾಶ ಮತ್ತೆ ಸಿಗುತ್ತದೆ ಎಂಬ ಭರವಸೆ ಇಲ್ಲ.

ಬ್ಯಾಕಪ್‌ನಲ್ಲೂ ಎರಡು ಬಗೆ ಇವೆ, ಬಹಳ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. ಒಂದು, ಎಚ್‌ಎಂಐ ಒಳಗಿರುವ ಕಂಪೈಲ್ ಆದ (ಓಡಿಸಲು ಸಿದ್ಧವಾದ, ನೇರವಾಗಿ ತಿದ್ದಲು ಬಾರದ) ಫೈಲ್. ಸೀಮೆನ್ಸ್ ಆದರೆ ಪ್ರೊಸೇವ್ ಸಾಫ್ಟ್‌ವೇರ್‌ನಿಂದ ತೆಗೆಯಬಹುದು. ಅದೇ ಮಾಡೆಲ್‌ನ ಇನ್ನೊಂದು ಎಚ್‌ಎಂಐಗೆ ಅದನ್ನು ಹಾಕಬಹುದು, ಬೇರೆ ಮಾಡೆಲ್‌ಗೆ ಅದು ಬರುವುದಿಲ್ಲ. ಇನ್ನೊಂದು, ಸೋರ್ಸ್ ಪ್ರಾಜೆಕ್ಟ್, ಅಂದರೆ ತಿದ್ದಬಹುದಾದ ಮೂಲ ಫೈಲ್. ಅದಿದ್ದರೆ ಹೊಸ ಮಾಡೆಲ್‌ಗೆ ಬದಲಿಸಿಕೊಂಡು ಹೋಗಬಹುದು. ನಿಮ್ಮ ಮಾಡೆಲ್ ಬಂದ್ ಆಗಿದೆ ಅಂದ ಮೇಲೆ ಮುಂದೊಂದು ದಿನ ನಿಮಗೆ ಬೇಕಾಗುವುದು ಸೋರ್ಸ್.

ಕಂಪೈಲ್ ಆದದ್ದರಿಂದ ಸೋರ್ಸ್ ವಾಪಸ್ ತೆಗೆಯಲು ಎಲ್ಲದರಲ್ಲೂ ಬರುವುದಿಲ್ಲ. ಸೀಮೆನ್ಸ್‌ನ ವಿನ್‌ಸಿಸಿ ಫ್ಲೆಕ್ಸಿಬಲ್ ಸಾಫ್ಟ್‌ವೇರ್‌ನಲ್ಲಿ ಮೊದಲೇ ಬ್ಯಾಕ್ ಟ್ರಾನ್ಸ್‌ಫರ್ ಆನ್ ಮಾಡಿದ್ದರೆ ಮಾತ್ರ ಸಿಗುತ್ತದೆ. ಅಲೆನ್ ಬ್ರಾಡ್ಲಿ ಕಂಪನಿಯ ಪ್ಯಾನಲ್‌ವ್ಯೂ ಪ್ಲಸ್ ಎಚ್‌ಎಂಐನಲ್ಲಿ ಎಂಇಆರ್ (ಕಂಪೈಲ್ ಆದ) ಫೈಲ್ ಮಾಡುವಾಗ ಲಾಕ್ ಹಾಕಿಲ್ಲದಿದ್ದರೆ ವಾಪಸ್ ಎಪಿಎ (ಸೋರ್ಸ್) ಮಾಡಬಹುದು. ಸೋರ್ಸ್ ಕೊಡಿ ಅಂತ ಸಪ್ಲೈಯರ್‌ಗೆ ಪತ್ರದಲ್ಲಿ ಕೇಳಿ. ಮುಂದಿನ ಮಷೀನ್ ಖರೀದಿಯ ಆರ್ಡರ್‌ನಲ್ಲೇ ಸೋರ್ಸ್ ಮತ್ತು ಪಾಸ್‌ವರ್ಡ್ ಕೊಡಬೇಕು ಅಂತ ಬರೆಸಿ. ಲಕ್ಷಾಂತರ ಕೊಟ್ಟು ಮಷೀನ್ ಕೊಂಡವರು ಒಂದು ಪರದೆಯ ಫೈಲ್‌ಗಾಗಿ ಯಾರ ಬಾಗಿಲಲ್ಲೂ ಕಾಯಬಾರದು.

ವಾಶ್ ಟೈಮ್, ಸ್ಪಿನ್ ಸ್ಪೀಡ್, ಚಾರ್ಜ್ ಲೆವೆಲ್ ಇಂಥ ಸೆಟ್ಟಿಂಗ್‌ಗಳನ್ನು ವಿಎನ್‌ಸಿಯಲ್ಲಿ ಪುಟಪುಟವಾಗಿ ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಲವು ಹಳೆ ಎಚ್‌ಎಂಐಗಳು ರೆಸಿಪಿಯನ್ನು (ಇಂಥ ಸೆಟ್ಟಿಂಗ್‌ಗಳ ಗುಂಪನ್ನು) ಲಿಥಿಯಂ ಬ್ಯಾಟರಿ ನಂಬಿದ ಮೆಮೊರಿಯಲ್ಲಿ ಇಟ್ಟಿರುತ್ತವೆ. ಎರಡು ದಿನ ಸಪ್ಲೈ ಇಲ್ಲದೆ ಬೆಂಚ್ ಮೇಲೆ ಕೂತಾಗ ಅದು ಹೋಗಿಬಿಡಬಹುದು. ಹುಬ್ಬಳ್ಳಿಯವರು ಆಫ್ ಸೀಸನ್‌ನಲ್ಲಿ ಆರಿಸಿಡಿ ಅಂದರಲ್ಲ, ಅದಕ್ಕೂ ಮುಂಚೆ ಈ ಬ್ಯಾಟರಿಯನ್ನು ನೋಡಲೇಬೇಕು.

ಜುಬೈಲ್_ಕನ್ನಡಿಗ

ಬ್ಯಾಕಪ್ ಮಾತು ಬಂತು ಅಂತ ನಾನೂ ಬರೆಯುತ್ತಿದ್ದೇನೆ. ಸೌದಿಯಲ್ಲಿ ಪ್ಲಾಂಟ್ ಮೆಂಟೆನೆನ್ಸ್‌ನಲ್ಲಿದ್ದೇನೆ.

ಲೋಗೊ ಬಂದು ಅಲ್ಲೇ ನಿಂತುಬಿಡುವ ಎಚ್‌ಎಂಐ ಇದೆಯಲ್ಲ, ಅದು ಮೇಲಿನ ಯಾವುದೂ ಅಲ್ಲ. ಬೆಳಕು ಇದೆ, ಸಪ್ಲೈ ಇದೆ, ಪ್ರಾಜೆಕ್ಟ್ ಫೈಲ್ ಅಥವಾ ಫ್ಲ್ಯಾಷ್ ಕಾರ್ಡ್ ಕೆಟ್ಟಿದೆ. ಬೂಟ್ ಆಗುತ್ತಿರುವಾಗ ಕರೆಂಟ್ ಹೋದರೆ, ಪ್ರಾಜೆಕ್ಟ್ ಡೌನ್‌ಲೋಡ್ ಅರ್ಧದಲ್ಲಿ ನಿಂತರೆ ಹೀಗಾಗುತ್ತದೆ. ಆಗ ಎಲ್ಲರ ಕೈ ಹೋಗುವುದು ಫ್ಯಾಕ್ಟರಿ ರೀಸೆಟ್ ಕಡೆಗೆ. ದಯವಿಟ್ಟು ಅದು ಕೊನೆಯದಾಗಿರಲಿ. ಸೀಮೆನ್ಸ್‌ನಲ್ಲಿ ಅದನ್ನು ಮಾಡಿದರೆ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಬರುತ್ತದೆ, ಆದರೆ ಪ್ರಾಜೆಕ್ಟ್ ಅಳಿಸಿಹೋಗುತ್ತದೆ, ಲೈಸೆನ್ಸ್ ಕೀಗಳೂ ಹೋಗುತ್ತವೆ. ಮೊದಲು ಕಾರ್ಡ್ ತೆಗೆದು ಕಂಪ್ಯೂಟರ್‌ನಲ್ಲಿ ಅದರ ಪೂರ್ತಿ ಇಮೇಜ್ (ತದ್ರೂಪ ನಕಲು) ತೆಗೆದಿಡಿ, ನಕಲು ಕಾರ್ಡ್ ಮೇಲೆ ಪ್ರಯೋಗ ಮಾಡಿ.

ವಿಂಡೋಸ್ ಇರುವ ಪ್ಯಾನಲ್ ಪಿಸಿ ಆದರೆ ಇನ್ನೂ ಸುಲಭ. ಹಿಂದೆ ಮಾನಿಟರ್ ಪೋರ್ಟ್ ಇರುತ್ತದೆ. ಹೊರಗಿನ ಮಾನಿಟರ್ ಹಾಕಿ, ಅದರಲ್ಲಿ ಚಿತ್ರ ಬಂದರೆ ಕೆಟ್ಟಿರುವುದು ಎದುರಿನ ಡಿಸ್‌ಪ್ಲೇ ಮಾತ್ರ.

ಮುಧೋಳ_ಫಿಟ್ಟರ್

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಬ್ಯಾಕಪ್ ತಗದೀವಿ, ಎರಡು ಪೆನ್‌ಡ್ರೈವ್‌ನ್ಯಾಗ ಇಟ್ಟೀವಿ, ಒಂದು ಸ್ಟೋರ್ಸ್‌ನ್ಯಾಗ ಕೊಟ್ಟೀವಿ. ಸ್ಕ್ರೀನ್‌ಶಾಟ್ ಸುದ್ದಾ ಆದವು. ಕ್ಲೀನಿಂಗ್ ಬಂದ್ ಇದ್ದಾಗ ಎಚ್‌ಎಂಐ ಇಳಿಸಿ ಸ್ಟಿಕ್ಕರ್ ನೋಡಿದ್ವಿ, ಹುಬ್ಬಳ್ಳಿ ಸರ್ ಹೇಳಿದಂಗ ಎಲ್‌ಸಿಡಿ ಬ್ಯಾರೆ ಕಂಪನೀದು. ಲ್ಯಾಂಪ್ ಪಕ್ಕದಿಂದ ಜಾರಿಸಿ ತಗಿಯೂ ನಮೂನಿದು ಐತಿ. ಎರಡೂ ತುದಿ ಕಪ್ಪಗ ಸುಟ್ಟಾವು. ಆ ನಂಬರಿಗೆ ಲ್ಯಾಂಪ್ ಅಸೆಂಬ್ಲಿ ಬೆಂಗಳೂರಾಗ ಸಿಕ್ಕೈತಿ, ಬಸ್ಸಿಗೆ ಹಾಕೀನಿ ಅಂದಾರ.

ಒಂದ ಪ್ರಶ್ನೆ ಉಳದೈತಿ. ಇದೇ ಮಾಡೆಲ್ ಎಚ್‌ಎಂಐ ಬಾಜೂ ಸೆಂಟ್ರಿಫ್ಯೂಗಲ್ ಮ್ಯಾಲೂ ಐತಿ, ಒಂದೇ ವರ್ಷ ಬಂದಾವು. ಅದು ಇನ್ನೂ ಛಲೋ ಬೆಳಗತೈತಿ. ಅದರ ಲ್ಯಾಂಪೂ ಈಗ ಬದಲಿ ಮಾಡಬೇಕೇನ್ರಿ, ಹೋಗೂತನಕ ಕಾಯಬೇಕೇನ್ರಿ?

ಹುಬ್ಬಳ್ಳಿ_ಬೆಂಚ್

ಹತ್ತುತ್ತಿರುವ ಲ್ಯಾಂಪನ್ನು ಹಂಗಾಮಿನ ನಡುವೆ ಬಿಚ್ಚಬೇಡಿ. ಅದೇ ಬಸ್ಸಿಗೆ ಇನ್ನೊಂದು ಅಸೆಂಬ್ಲಿ ಹಾಕಿಸಿ, ಸ್ಟೋರ್ಸ್‌ನಲ್ಲಿ ಎಲ್‌ಸಿಡಿ ಪಾರ್ಟ್ ನಂಬರ್ ಬರೆದು ಇಡಿ. ಆ ಎಚ್‌ಎಂಐನ ಬ್ಯಾಕಪ್ಪೂ ಇವತ್ತೇ ತೆಗೆಯಿರಿ, ಮಾಡೆಲ್ ಒಂದೇ ಆದರೂ ಎರಡು ಮಷೀನಿನ ಸೆಟ್ಟಿಂಗ್ ಒಂದೇ ಇರುವುದಿಲ್ಲ. ಬ್ರೈಟ್‌ನೆಸ್ 100ರಲ್ಲಿದ್ದರೆ ಆಪರೇಟರ್‌ಗೆ ಕಾಣುವಷ್ಟಕ್ಕೆ ಇಳಿಸಿ. ಬ್ಯಾಚ್‌ಗಳ ನಡುವೆ ಯಾರೂ ಮುಟ್ಟದಿದ್ದಾಗ ಬ್ಯಾಕ್‌ಲೈಟ್ ಆರುವ ಟೈಮರ್ ಇದ್ದರೆ ಆನ್ ಮಾಡಿ. ಆದರೆ ಆರಿದ ಪರದೆಯನ್ನು ಎಬ್ಬಿಸುವ ಮೊದಲ ಸ್ಪರ್ಶ ಬಟನ್‌ನನ್ನೂ ಒತ್ತುತ್ತದೆಯೇ ಎಂಬುದನ್ನು ಮಷೀನ್ ನಿಂತಿರುವಾಗ ಪರೀಕ್ಷೆ ಮಾಡಿ. ಒತ್ತುತ್ತದೆ ಎಂದಾದರೆ ಟೈಮರ್ ಹಾಕಲೇಬೇಡಿ. ಮುಂಜಾನೆ ಸಪ್ಲೈ ಕೊಟ್ಟಾಗ ಕೆಂಪು ಛಾಯೆ ಬಂದರೆ ಲಾಗ್‌ಬುಕ್‌ನಲ್ಲಿ ಬರೆಯಲು ಮೂರೂ ಪಾಳಿಯವರಿಗೆ ಹೇಳಿ, ಬರೆದ ವಾರದೊಳಗೆ ಕ್ಲೀನಿಂಗ್ ಬಂದ್ ನೋಡಿಕೊಂಡು ಲ್ಯಾಂಪ್ ಬದಲಿಸಿ.